ಕದರಪ್ಪನ ಜೋಡಿ ಸುಳಿ

ಆ ಸೋಮವಾರ ಬೆಳಿಗ್ಗೆ ಕದರಪ್ಪ ‘ಸುಳಿ’ ಎಂಬ ಮಾತನ್ನು ಆಡದೆ ಇದ್ದಿದ್ದರೆ, ಅಥವಾ ಆಡಿದರೂ ಓಬಕ್ಕನ ಮುಂದೆ ಆಡದೆ ಇದ್ದಿದ್ದರೆ, ಅವನ ಬಾಳು ಬೇರೆಯೇ ಆಗುತ್ತಿತ್ತು. ಆದರೆ ಆಡಿಬಿಟ್ಟ. ಎದುರಿಗೆ ಯಾರಿದ್ದಾರೆಂದು ನೋಡಿ ಮಾತಾಡುವ ಅಭ್ಯಾಸ ಅವನಿಗೆ ಇರಲಿಲ್ಲ.

ಅವನು ಮಡಕಶಿರದ ಶೇಂಗಾ ಮಿಲ್ಲಿನಲ್ಲಿ ಡೈನಮೋ ನೋಡಿಕೊಳ್ಳುವವನು. ಮದರಾಸು ಸರ್ಕಾರದ ಕರೆಂಟು ಇನ್ನೂ ಆ ಕಡೆ ತಲೆಹಾಕಿರಲಿಲ್ಲ. ಮಿಲ್ಲಿನ ಎಣ್ಣೆ ಇಂಜಿನ್ನು ಪಟ್ಟೆ ಎಳೆದರೆ ಡೈನಮೋ ತಿರುಗುತ್ತಿತ್ತು, ಅದು ತಿರುಗಿದರೆ ಅಂಗಳದ ದೀಪಗಳು ಉರಿಯುತ್ತಿದ್ದವು. ಊರಿಗೆಲ್ಲ ಇದ್ದ ಕರೆಂಟು ಅಷ್ಟೇ. ಡೈನಮೋ ಗುಂಯ್‌ಗುಡುವುದನ್ನು ಕೇಳುತ್ತ ಕೂತರೆ ಕದರಪ್ಪನ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಆಗ ಅಮರಾಪುರದ ಚಿತ್ತಮ್ಮ ಬರುತ್ತಿದ್ದಳು. ಸಂತೆಯಲ್ಲಿ ಕುರಿಮರಿಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ ಅವಳನ್ನು ಅವನು ಒಂದೇ ಒಂದು ಸಲ ನೋಡಿದ್ದ. ಅಂದಿನಿಂದ ಅವಳು ಮರಿಯ ಸಮೇತ ಇಂಜಿನ್ ಕೋಣೆಯಲ್ಲೇ ಓಡಾಡಿಕೊಂಡಿದ್ದಳು. ಒಮ್ಮೊಮ್ಮೆ ಅವನು, "ಪಟ್ಟೆ ಹತ್ರ ಹುಷಾರು, ಸೆರಗು ಸಿಕ್ಕಾತು" ಎಂದು ಗಟ್ಟಿಯಾಗಿ ಹೇಳಿಯೂಬಿಡುತ್ತಿದ್ದ. ಶೇಂಗಾ ಕೇರುವ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

ಇವತ್ತು ಅವಳು ನಿಜವಾಗಿಯೂ ಬರುವವಳಿದ್ದಳು. ಅಪ್ಪ ಅಮ್ಮ ಇಲ್ಲದ ಕದರಪ್ಪನ ಪರವಾಗಿ ನೆರೆಮನೆಯ ಓಬಕ್ಕನೇ ಮಾತು ನಡೆಸಿದ್ದಳು. ಚಿತ್ತಮ್ಮನ ಅಪ್ಪ ಸೂರಪ್ಪ, "ದೀಪ ಹಚ್ಚೋ ಹುಡುಗ ಅಂತೀರ. ಹಚ್ಚಿ ತೋರಿಸ್ಲಿ, ಅಲ್ಲೇ ವೀಳ್ಯ ಕೊಡ್ತೀನಿ" ಎಂದು ಹೇಳಿಕಳಿಸಿದ್ದ.

ಆದರೆ ದೀಪ ಹತ್ತುತ್ತಿರಲಿಲ್ಲ. ಹತ್ತಿದರೂ ಆರುವ ಕೆಂಡದಂತೆ ಒಳಗಿನ ತಂತಿ ಕೆಂಪಗಾಗಿ ಅಷ್ಟಕ್ಕೇ ನಿಲ್ಲುತ್ತಿತ್ತು. ಕಾರಣ, ಮಿಲ್ಲಿನ ಸಾವ್ಕಾರ ಗಾದಿಲಿಂಗಪ್ಪ. ರಾಯದುರ್ಗದಿಂದ ಬಂದು ಇಲ್ಲಿ ಮಿಲ್ಲು ಹಾಕಿದ್ದ ಆತ, ಹಳೆಯ ಡೈನಮೋ ಪಕ್ಕಕ್ಕೆ ಹೊಸದೊಂದನ್ನು ತಂದು ಎರಡರ ತಂತಿಗಳನ್ನೂ ಕೂಡಿಸಿದ್ದ. ಹೊಸದು ಹುಟ್ಟಿಸಿದ ಕರೆಂಟು ದೀಪಕ್ಕೆ ಹೋಗುವ ಬದಲು ಹಳೆಯದರ ಹೊಟ್ಟೆ ಹೊಕ್ಕು, ಸುತ್ತಿ ಹೊಸದಕ್ಕೇ ವಾಪಸು ಬರುತ್ತಿತ್ತು. ಅಕ್ಕಪಕ್ಕದ ಎರಡು ಮನೆಯವರು ಒಂದೇ ಹೋಳಿಗೆ ತಟ್ಟೆಯನ್ನು ಆ ಮನೆಗೆ ಈ ಮನೆಗೆ ಕಳಿಸಿಕೊಂಡು ಕೇರಿಗೆ ಒಂದು ಚೂರೂ ಕೊಡದೆ ಇದ್ದ ಹಾಗೆ. ಎರಡೂ ಡೈನಮೋಗಳು ಸುಮ್ಮನೆ ಬಿಸಿಯೇರುತ್ತಿದ್ದವು. ಬಳ್ಳಾರಿಯಿಂದ ಬಂದಿದ್ದ ಫಿಟ್ಟರು ಇದಕ್ಕೆ ‘ಸುಳಿ’ ಅನ್ನಬೇಕೆಂದು ಕಲಿಸಿ ಹೋಗಿದ್ದ.

"ಸಾವ್ಕಾರ್ರೆ, ಹಳೇದನ್ನ ಬಿಚ್ಚಿಬಿಡ್ತೀನಿ" ಎಂದು ಕದರಪ್ಪ ಅಂಗಲಾಚಿದ.

"ಯಾಕ ಬಿಚ್ಚಬೇಕು? ಒಂದ ಎತ್ತು ಕಟ್ಟಿ ಯಾರರ ಗಾಡಿ ಹೊಡೀತಾರೇನು? ಜೋಡಿ ಅಂತ ತಂದೀನಿ, ಜೋಡೀನ ಹೂಡಬೇಕು. ಇವತ್ತಲ್ಲ ನಾಳೆ ಹೊಂದಿಕೋತಾವ" ಎಂದ ಗಾದಿಲಿಂಗಪ್ಪ.

ಕದರಪ್ಪ ಮಂಕಾಗಿ ಕೂತಿದ್ದಾಗ ಓಬಕ್ಕ ಮೊರ ಹಿಡಿದು ಬಾಗಿಲಲ್ಲಿ ನಿಂತು, "ಯಾಕಪ್ಪ ಮೊಕ ಹಿಂಗೆ?" ಎಂದಳು. ಇಂಜಿನ್ನು ಬಡಬಡ ಎನ್ನುತ್ತಿತ್ತು.

"ಸುಳಿ ಕಣಕ್ಕ! ಎರಡು ಇರೋದೇ ತೊಂದ್ರೆ! ಒಂದೇ ಆಗಿದ್ರೆ ಎಲ್ಲಾ ಸರಿ ಇರ್ತಿತ್ತು!"

ಗದ್ದಲದಲ್ಲಿ ಓಬಕ್ಕನಿಗೆ ದಕ್ಕಿದ್ದು ಮೂರು ಮಾತು: ಸುಳಿ, ಎರಡು, ತೊಂದ್ರೆ. ಅವಳ ಕೈಯಿಂದ ಮೊರ ಜಾರಿತು. ತಲೆಯಲ್ಲಿ ಎರಡು ಸುಳಿ ಇದ್ದವನಿಗೆ ಎರಡು ಮದುವೆ, ಮೊದಲನೆಯವಳು ಉಳಿಯುವುದಿಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಅದೂ ಹೆಣ್ಣಿನಪ್ಪ ಸೂರಪ್ಪ ಎಂಥವನು? ಎತ್ತು, ಟಗರು ಕೊಳ್ಳುವವರೆಲ್ಲ ಸುಳಿ ನೋಡಿಸಲು ಹುಡುಕಿಕೊಂಡು ಹೋಗುವ ಮನುಷ್ಯ.

ಓಬಕ್ಕ ಓಡಿಹೋಗಿ ಕ್ಷೌರದ ಬೊಮ್ಮಪ್ಪನನ್ನು ಎಳೆದುತಂದಳು. ಅವನು ಕದರಪ್ಪನ ತಲೆಯನ್ನು ಮಡಿಲಿಗೆ ಒತ್ತಿಕೊಂಡು ಗುಂಗುರು ಕೂದಲನ್ನು ಸೀಳಿ ಸೀಳಿ ನೋಡಿದ.

"ಇಲ್ಲೊಂದೈತೆ. ಇದು ಬಲಕ್ಕೆ ತಿರುಗ್ತದೆ. ಇಲ್ಲೂ ಏನೋ ಎಡಕ್ಕೆ ತಿರುಗಿದಂಗೈತೆ, ಆದ್ರೆ ಪೂರ್ತಿ ತಿರುಗಿಲ್ಲ. ಒಂದೂವರೆ ಅನ್ನಬೌದು."

"ಸುಳಿ ನನ್ನ ತಲೇಲಲ್ಲ, ಡೈನಮೋದಾಗೆ!" ಎಂದು ಕದರಪ್ಪ ಮಡಿಲೊಳಗಿಂದಲೇ ಕೂಗಿದ.

"ಕಬ್ಬಿಣಕ್ಕೆ ಕೂದ್ಲಿದ್ದಾವೇನಪ್ಪ ಸುಳಿ ಇರಾಕೆ? ಪಾಪ, ಭಯಕ್ಕೆ ಏನೇನೋ ಅಂತಾನೆ" ಎಂದಳು ಓಬಕ್ಕ. ಕೇರುವ ಹೆಂಗಸರೆಲ್ಲ ಲೊಚಗುಟ್ಟಿದರು.

ಹೊತ್ತು ಇಳಿಯುವಾಗ ಗಾಡಿ ಬಂತು. ಹಿಂದೆ ಕಾಲು ಇಳಿಬಿಟ್ಟು ಕೂತಿದ್ದವಳನ್ನು ಕಂಡು ಕದರಪ್ಪ ಒಂದು ಗಳಿಗೆ ತಬ್ಬಿಬ್ಬಾದ. ಕಂಕುಳಲ್ಲಿ ಮರಿ ಇರಲಿಲ್ಲ. ಹಾಗಾದರೆ ಇವಳು ನಿಜದವಳು ಎಂದುಕೊಂಡ.

"ಬರ್ರಿ ಸೂರಪ್ಪನೋರ, ಕುಂದರ್ರಿ. ಏ ಕದರಪ್ಪ, ದೀಪ ಹಚ್ಚೋ!" ಎಂದ ಗಾದಿಲಿಂಗಪ್ಪ.

ದೀಪಗಳು ಕೆಂಪಗೆ ಕಣ್ಣು ಪಿಳುಕಿಸಿದವು. ಸೂರಪ್ಪ ಕತ್ತೆತ್ತಿ ನೋಡಿದ. "ಇದ್ಕಿಂತ ನಮ್ಮನೆ ಹರಳೆಣ್ಣೆ ದೀಪ ವಾಸಿ" ಎಂದ.

"ಸುಳಿ, ಮಾವ" ಎಂದು ಕದರಪ್ಪನ ಬಾಯಿಂದ ಬಂದುಬಿಟ್ಟಿತು.

ಸೂರಪ್ಪನ ಮುಖ ಅರಳಿತು. ದೀಪದ ವಿಷಯ ಅವನಿಗೆ ಗೊತ್ತಿರಲಿಲ್ಲ, ಸುಳಿಯ ವಿಷಯ ಗೊತ್ತಿತ್ತು. ಎದ್ದುಬಂದು ಕದರಪ್ಪನ ತಲೆಗೆ ಹೆಬ್ಬೆರಳು ಒತ್ತಿದ, ಹಲ್ಲು ತೆಗೆಸಿ ನೋಡಿದ, ಬೆನ್ನು ತಟ್ಟಿದ.

"ಎರಡೇ. ಅನುಮಾನ ಇಲ್ಲ. ಪ್ರಾಣಿ ಚೆನ್ನಾಗೈತೆ, ಆದ್ರೆ ಮೊದಲ್ನೇ ಹೆಂಡ್ತಿ ದಕ್ಕಲ್ಲ. ನನ್ನ ಮಗಳನ್ನ ಎರಡನೇಳಾಗಿ ಕೊಟ್ರೆ ಬಾಧೆ ಇಲ್ಲ. ಮೊದಲು ಇನ್ಯಾವುದಕ್ಕಾದ್ರೂ ಒಂದು ತಾಳಿ ಕಟ್ಟಿಸ್ರಿ."

ಎಕ್ಕದ ಗಿಡಕ್ಕೆ ಕಟ್ಟಿಸೋಣ ಎಂದು ಯಾರೋ ಅಂದರು. ಕರೆಸಿದ ಮೇಲೆ ಬಂದ ತೆಲುಗು ಸೀಮೆಯ ಪುರೋಹಿತರು, ಅದು ಮೂರನೆಯ ಮದುವೆಯವರಿಗೆ, ಇವನಿಗೆ ನಡೆಯದು ಎಂದರು. ಆಗ ಬೊಮ್ಮಪ್ಪ ಕತ್ತಿ ಮಸೆಯುತ್ತಲೇ, "ಇವ್ನು ಹಗಲೆಲ್ಲಾ ಸಂಸಾರ ಮಾಡೋದು ಡೈನಮೋ ಜೊತೆ ತಾನೆ? ಅದಕ್ಕೇ ಕಟ್ಲಿ. ಕಬ್ಬಿಣ, ಸಾಯೋ ಭಯಾನೂ ಇಲ್ಲ" ಎಂದ. ಎಲ್ಲರಿಗೂ ಸರಿಯೆನಿಸಿತು.

ಪುರೋಹಿತರು ಇಂಜಿನ್ ಕೋಣೆಯೊಳಗೆ ಇಣುಕಿ, "ಇದೇನಯ್ಯಾ, ಇಬ್ಬರಿದ್ದಾರೆ! ಒಂದು ತಾಳಿಗೆ ಒಬ್ಬಳೇ. ಇನ್ನೊಂದನ್ನ ಬಿಡಿಸಿ ಆಚೆ ಇಡಿ" ಎಂದರು.

ಬೆಳಗಿನಿಂದ ಒಂದು ತಂತಿಯನ್ನೂ ಮುಟ್ಟಗೊಡದಿದ್ದ ಗಾದಿಲಿಂಗಪ್ಪ, "ಶಾಸ್ತ್ರ ಅಂದಮ್ಯಾಲೆ ಮುಗೀತ್ರಿ" ಎಂದು ತಾನೇ ಇಕ್ಕಳ ತಂದುಕೊಟ್ಟ. ಕದರಪ್ಪನಿಗೆ ಕನಸೋ ನಿಜವೋ ತಿಳಿಯಲಿಲ್ಲ. ಇಂಜಿನ್ನು ನಿಲ್ಲಿಸಿ ಹಳೆಯ ಡೈನಮೋದ ತಂತಿಯನ್ನು ಸಂತೋಷದಿಂದ ಬಿಚ್ಚಿದ. ಹೊಸ ಡೈನಮೋಗೆ ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು. ಗಾದಿಲಿಂಗಪ್ಪ ಕಣ್ಣೀರು ಒರೆಸಿಕೊಂಡು ಧಾರೆ ಎರೆದ. ಕುರಿಗಳು ಮನೆಗೆ ಮರಳುವ ಧೂಳಿನಲ್ಲಿ ಊರೆಲ್ಲ ಹೊಂಬಣ್ಣವಾಗಿತ್ತು. ಗೋಧೂಳಿ ಲಗ್ನದಲ್ಲಿ ಕದರಪ್ಪ ಅರಿಶಿನದ ದಾರಕ್ಕೆ ಗಂಟು ಹಾಕಿದ. "ಪೆಳ್ಳಿ ಅಯಿಪೋಯಿಂದಿ!" ಎಂದು ಪುರೋಹಿತರು ಮದುವೆ ಮುಗಿದದ್ದನ್ನು ತೆಲುಗಿನಲ್ಲೇ ಸಾರಿ ಅಕ್ಷತೆ ಎರಚಿದರು.

ಕದರಪ್ಪ ಇಂಜಿನ್ನು ಚಾಲೂ ಮಾಡಿದ. ಸುತ್ತಿ ಬರಲು ಕರೆಂಟಿಗೆ ಇನ್ನೊಂದು ಮನೆ ಇರಲಿಲ್ಲ. ಅಂಗಳದ ದೀಪಗಳೆಲ್ಲ ಒಟ್ಟಿಗೆ ಝಗ್ಗೆಂದು ಹತ್ತಿದವು. ಸಿಪ್ಪೆಯ ರಾಶಿಗಳು ಬೆಳ್ಳಿಯಾದವು, ಎತ್ತುಗಳ ಕೋಡು ಹೊಳೆದವು. ಜನ ಹೋ ಎಂದರು.

"ಹೆಣ್ಣು ಒಪ್ಪಿದ್ಲು!" ಎಂದು ಓಬಕ್ಕ ಡೈನಮೋ ಕಡೆ ಕೈ ಮಾಡಿ ಕುಣಿದಳು. "ತರ್ರಪ್ಪ ವೀಳ್ಯ!" ಎಂದ ಸೂರಪ್ಪ.

ಆ ಬೆಳಕಿನಲ್ಲಿ ಕದರಪ್ಪ ಚಿತ್ತಮ್ಮನ ಮುಖವನ್ನು ಕಣ್ತುಂಬ ನೋಡಿದ. ಎಷ್ಟೋ ಮಧ್ಯಾಹ್ನ ಕಂಡ ಕನಸಿಗಿಂತ ಚೆಲುವಾಗಿತ್ತು. ಇಷ್ಟು ಸುಖ ತನಗೆ ಹೇಗೆ ಬಂತೆಂದು ಬೆರಗಾದ. ಆಗ ಚಿತ್ತಮ್ಮ ಗಾಡಿಯಿಂದ ಇಳಿದಳು.

"ಸುಳಿ ಎರಡಿರ್ಲಿ ನಾಕಿರ್ಲಿ, ಮಾಡ್ಕಂಡೇನು ಅಂತ್ಲೇ ಬಂದಿದ್ದೆ. ಹೆಂಡ್ತಿ ಇರೋ ಮನೇಗೆ ಮಾತ್ರ ನಾನು ಬರಲ್ಲ. ಸವತಿ ಜೊತೆ ಬಾಳೋದು ಅಂದ್ರೆ ಏನು ಅಂತ ನಮ್ಮವ್ವನ್ನ ನೋಡಿದೀನಿ."

ಮನೆಯಲ್ಲಿ ಇಬ್ಬರನ್ನು ಇಟ್ಟುಕೊಂಡಿದ್ದ ಸೂರಪ್ಪ ಕೆಮ್ಮಿದ. "ಅದು ಕಬ್ಬಿಣ ಕಣವ್ವ!"

"ಕಬ್ಬಿಣಾನೇ ಆಗ್ಲಿ. ತಾಳಿ ಕಟ್ಟುತ್ಲೂ ಹೆಂಗೆ ನಕ್ಳು, ಕಾಣಲಿಲ್ವಾ?"

"ಅವಳು ನಕ್ಕಿದ್ದಲ್ಲ ಚಿತ್ತಮ್ಮ, ಸುಳಿ ಬಿಟ್ಟಿದ್ದು! ಅವಳದ್ದೇನೂ ತಪ್ಪಿಲ್ಲ!" ಎಂದು ಕದರಪ್ಪ ಕೂಗಿದ.

"ನೋಡಪ್ಪ, ಆಗ್ಲೇ ಅವಳ ಪರ ವಹಿಸ್ತಾನೆ" ಎಂದು ಚಿತ್ತಮ್ಮ ಮತ್ತೆ ಗಾಡಿ ಹತ್ತಿದಳು.

ಕದರಪ್ಪ ದಾರ ಹರಿಯಲು ಓಡಿದ. ಪುರೋಹಿತರು ಅವನ ಕೈ ಹಿಡಿದುಕೊಂಡರು. "ಅಯ್ಯೋ, ಗಂಡ ಸತ್ತರೆ ತಾನೆ ತಾಳಿ ತೆಗೆಯೋದು? ನೀನು ಇನ್ನೂ ಬದುಕಿದೀಯಲ್ಲಯ್ಯಾ!"

ಗಾಡಿ ಹೊರಟಿತು. ಇಂಜಿನ್ ಕೋಣೆಯೊಳಗೆ ಡೈನಮೋ ಯಾವ ಅಡ್ಡಿಯೂ ಇಲ್ಲದೆ ಗುಂಯ್‌ಗುಡುತ್ತಿತ್ತು. ಕದರಪ್ಪ ಅಂಗಳದ ತುದಿಗೆ ಬಂದು ನಿಂತ. ಮಡಕಶಿರ ಹಿಂದೆಂದೂ ಕಾಣದಷ್ಟು ಬೆಳಕು ಅಮರಾಪುರದ ದಾರಿಯ ತಿರುವಿನವರೆಗೂ ಚೆಲ್ಲಿತ್ತು. ಅದರಿಂದಾಗಿ ಚಿತ್ತಮ್ಮ ಒಂದು ಸಲವೂ ಹಿಂತಿರುಗಿ ನೋಡಲಿಲ್ಲವೆಂಬುದು ಅವನಿಗೆ ಚೆನ್ನಾಗಿ ಕಾಣಿಸಿತು.