ಪಾಪಾಸುಕಳ್ಳಿಗೆ ನಾನು ಮಾಡಿದ ಶುಶ್ರೂಷೆ

ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಚೆಂಬೂರಿನ ನನ್ನ ಮನೆಯ ಬಾಲ್ಕನಿ. ಹಾಜರಿದ್ದವರು ನಾನು, ನನ್ನ ತಮ್ಮ ಮತ್ತು ಕುಂಡದಲ್ಲಿ ಅವನ ಪಾಪಾಸುಕಳ್ಳಿ. ಮೂವರಲ್ಲಿ ತಲೆ ಕೆಟ್ಟವರು ಯಾರೆಂದು ಕೇಳಿದರೆ ನಾನು ಧಾರಾಳವಾಗಿ ತಮ್ಮನನ್ನೇ ತೋರಿಸುತ್ತೇನೆ.

ವಿಲೆ ಪಾರ್ಲೆಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆ ಹುಯ್ದು ನಿವೃತ್ತನಾದ ಬ್ರಹ್ಮಚಾರಿ ಇವನು. ಬೇರೆಯವರು ತುಳಸಿ ಬೆಳೆಸುತ್ತಾರೆ, ಹೆಚ್ಚೆಂದರೆ ಮನಿಪ್ಲಾಂಟ್. ಇವನು ಕಾಂದಿವಲಿಯ ತನ್ನ ಮನೆಯ ಕಿಟಕಿ ಗ್ರಿಲ್ಲಿನಲ್ಲಿ ಬೆಳೆಸಿದ್ದು, ದನ ನುಗ್ಗದಿರಲೆಂದು ಬೇಲಿಗೆ ನೆಡುವ ಗಿಡ! ಅದರ ಬಿಸಿಲಿಗೆ ಅಡ್ಡವಾಗುತ್ತದೆಂದು ಒಗೆದ ಬಟ್ಟೆಯನ್ನು ಒಳಗೇ ಒಣಗಿಸುತ್ತಾನೆ. ಮುಗ್ಗಲು ವಾಸನೆಯ ಅಂಗಿ ತೊಟ್ಟು ಮದುವೆಗೆ ಬಂದರೆ ಅಕ್ಕನಾದವಳು ಯಾವ ಮುಖ ಹೊತ್ತು ಪಕ್ಕದಲ್ಲಿ ನಿಲ್ಲಬೇಕು?

ಮೂರು ವಾರದ ಹಿಂದೆ ಅವನ ಬಿಲ್ಡಿಂಗಿನ ರಿಪೇರಿ ಶುರುವಾಗಿ, ಗ್ರಿಲ್ ಖಾಲಿ ಮಾಡಬೇಕೆಂದು ಸೊಸೈಟಿಯ ನೋಟಿಸು ಬಂತು. ಕುಂಡ ಹಿಡಿದು ನನ್ನ ಮನೆಗೆಂದು ಲೋಕಲ್ ರೈಲು ಹತ್ತಿದ. ಕಾಲಿಡಲು ಜಾಗವಿಲ್ಲದ ಡಬ್ಬಿಯಲ್ಲಿ ಇವನ ಸುತ್ತ ಮಾತ್ರ ಎರಡಡಿ ಖಾಲಿಯಂತೆ! ಅಂಧೇರಿಯಲ್ಲಿ ಒಬ್ಬ ಎದ್ದು ಸೀಟನ್ನೇ ಬಿಟ್ಟುಕೊಟ್ಟನೆಂದು ಹೆಮ್ಮೆಯಿಂದ ವರದಿ ಮಾಡಿದ.

ಏಳು ವರ್ಷದಲ್ಲಿ ಮೊದಲ ಬಾರಿಗೆ ಗಿಡ ಮೊಗ್ಗು ಬಿಟ್ಟಿತ್ತು. ಹೂವಾಗುವಷ್ಟರಲ್ಲಿ ಬರುತ್ತೇನೆಂದು ಊರಿಗೆ ಹೊರಟವನು ಹೇಳಿದ್ದು ಇಷ್ಟೇ: "ನೀನು ಎಂತದೂ ಮಾಡ್ಬೇಡ ಅಕ್ಕ."

ಮೂವತ್ತೆಂಟು ವರ್ಷ ವಾರ್ಡು ನೋಡಿಕೊಂಡ ನರ್ಸಿಗೆ ಹೇಳುವ ಮಾತೇ ಇದು? ಬೆಳಿಗ್ಗೆ ಆರೂವರೆಗೆ ನೀರು, ಸಂಜೆ ಆರೂವರೆಗೆ ನೀರು. ಗೋಡೆಗೆ ಚಾರ್ಟ್ ಅಂಟಿಸಿ ಎರಡೂ ಹೊತ್ತು ಗುರುತು ಹಾಕಿದೆ. ಚಿಮಟದಲ್ಲಿ ಒದ್ದೆ ಹತ್ತಿ ಹಿಡಿದು ಧೂಳು ಒರೆಸಿದೆ. ಯಾವ ರೋಗಿಗೆ ಇಷ್ಟು ಸಿಕ್ಕಿತ್ತು!

ಇಂದು ಬಂದವನು ಬುಡ ಒತ್ತಿ ನೋಡಿದ. ಕಳಿತ ಬಾಳೆಹಣ್ಣನ್ನು ಒತ್ತಿದಂತೆ ಬೆರಳು ಒಳಗೆ ಹೋಯಿತು. ಒಂದನ್ನುಳಿದು ಮೊಗ್ಗುಗಳೆಲ್ಲ ಉದುರಿದ್ದವು. ಚಾರ್ಟನ್ನು ಮೇಲಿಂದ ಕೆಳಗೆ ಓದಿದ.

"ಒಂದು ದಿನವೂ ತಪ್ಪಿಸ್ಲಿಲ್ವಾ ನೀನು?"

"ಭಾನುವಾರವೂ ಇಲ್ಲ."

"ಅದೇ ಆದ್ದು ಮಾರಾಯ್ತಿ. ಕೊಳ್ತು ಹೋಗಿದೆ."

ನೋಡಿಕೊಂಡರೆ ಸಾಯುವ ಗಿಡವನ್ನು ಯಾರಾದರೂ ಸಾಕುತ್ತಾರೆಯೇ ಎಂದು ನಾನು ರೇಗಿದೆ. ಅವನು ಚಾಕು ಕೇಳಿದ. ಕೊಳೆತದ್ದನ್ನು ಕತ್ತರಿಸಿ ಎಸೆದು, ಗಟ್ಟಿಯಿದ್ದ ಮೂರು ಎಲೆಗಳನ್ನು ನೆರಳಲ್ಲಿ ಪೇಪರಿನ ಮೇಲೆ ಇಟ್ಟ. ಗಾಯ ಒಣಗಲು ವಾರ ಬೇಕಂತೆ, ಆಮೇಲೆ ಮರಳಲ್ಲಿ ನೆಟ್ಟರೆ ಬೇರು ಬಿಡುತ್ತದಂತೆ. ನಾಲ್ಕನೆಯದು, ಮೊಗ್ಗಿದ್ದದ್ದು, ಅವನ ಕೈಯಿಂದ ಜಾರಿತು. ಗ್ಲೌಸಿಲ್ಲದೆ ಏನನ್ನೂ ಮುಟ್ಟದ ನಾನು ಬರಿಗೈಯಲ್ಲಿ ಹಿಡಿದೆ. ಹಿಡಿದದ್ದೇ ತಡ, ಉರಿ ತಾಳದೆ ಬಿಟ್ಟೆ. ಮೊಗ್ಗು ಕಳಚಿ ಮೋರಿಯತ್ತ ಉರುಳಿತು.

ಈಗ ಬೈಯುತ್ತಾನೆಂದು ಕಾದೆ. ಅವನು ಅತ್ತ ತಿರುಗಿಯೂ ನೋಡಲಿಲ್ಲ.

"ಕೈ ತೋರ್ಸು."

ನಾನೇ ತೆಗೆದುಕೊಳ್ಳುತ್ತೇನೆ, ಇದು ನನ್ನ ಕೆಲಸ ಎಂದೆ. ಆದರೆ ಚುಚ್ಚಿದ್ದು ಬಲಗೈಗೆ. ಎಡಗೈಯಲ್ಲಿ ಹಿಡಿದ ಚಿಮಟ ಮುಳ್ಳು ಬಿಟ್ಟು ಪಕ್ಕದ ಚರ್ಮವನ್ನೇ ಕಚ್ಚಿತು. ಅವನು ಅದನ್ನು ಕಸಿದು, ಕನ್ನಡಕ ಏರಿಸಿ, ನನ್ನ ಅಂಗೈಯನ್ನು ಬೆಳಕಿಗೆ ತಿರುಗಿಸಿದ. ಕೂದಲಿಗಿಂತ ಸಣ್ಣ ಮುಳ್ಳುಗಳು. ಒಂದೊಂದನ್ನೂ ಎಳೆದ ಮೇಲೆ ಊದಿ, ನೋಯ್ತಾ ಎಂದು ಕೇಳಿದ. ಇಷ್ಟು ವರ್ಷ ನಾನು ಎಲ್ಲರನ್ನೂ ಕೇಳಿದ ಪ್ರಶ್ನೆಯನ್ನು ನನಗೆ ಒಬ್ಬರು ಕೇಳಿದ್ದು ಇದೇ ಮೊದಲು.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕೊನೆಯ ಮುಳ್ಳು ಹೊರಬಂತು. ಅವನು ಕೈ ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ.