ಕುಕ್ಕರಿನ ಆವಿಯೂ ಕಾಫಿ ಲೋಟವೂ

"ಕೂತ್ಕೋ ವಾರಿಜಾ, ಇವತ್ತಿಗೆ ನಿನ್ನ ಕೀಲುನೋವಿನ ಕತೆ ಮುಗೀತು," ಎಂದರು ನಮ್ಮ ಯಜಮಾನರು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಲೆ ಅವರು ಯಂತ್ರ ಮಾಡುವುದು, ನಾನು ಅದರ ಮುಂದೆ ಕೂರುವುದು ರೂಢಿಯಾಗಿಬಿಟ್ಟಿದೆ. ಈ ಸಲ ಬಲಿಯಾದದ್ದು ನನ್ನ ದೊಡ್ಡ ಕುಕ್ಕರು. ಅದರ ತಲೆಗೊಂದು ಕೊಳವೆ, ಪಕ್ಕದಲ್ಲೊಂದು ಪುಟ್ಟ ಕಂಪ್ಯೂಟರು.

ಬೇಡ ಎನ್ನುವ ಗಟ್ಟಿತನ ನನಗಿರಲಿಲ್ಲ. ಬೆಳಗ್ಗೆ ರವಿಕೆಯ ಹುಕ್ಕು ಹಾಕಿಕೊಳ್ಳಲೂ ಬೆರಳು ಬಗ್ಗದೆ ಅಳು ಬರುತ್ತಿತ್ತು.

"ಪ್ರೋಟೀನ್ ಮಾಡದ ಆರ್‌ಎನ್‌ಎ ಅಂತ ಇರುತ್ತೆ ಕಣೇ. ತಾನು ಪ್ರೋಟೀನ್ ಮಾಡಲ್ಲ. ಯಾವ ಜೀನು ಎಷ್ಟು ಕೆಲಸ ಮಾಡ್ಬೇಕು ಅಂತ ಹೇಳ್ತಾ ಕೂತಿರುತ್ತೆ."

"ಗೊತ್ತಾಯ್ತು. ನಿಮ್ಮ ಹಾಗೆ."

"ಅದರಲ್ಲಿ ಒಂದಕ್ಷರ ಬೇರೆ ಇದ್ರೂ ಕೆಲವರ ಮೈಯಲ್ಲಿ ರೋಗ ತಡೆಯೋ ಕಾವಲುಗಾರರು ಮನೆಮಂದೀನೇ ಕಳ್ಳರು ಅಂತ ಹೊಡೀತಾರೆ. ನಿನ್ನ ಕೀಲಲ್ಲಿ ಆಗ್ತಿರೋದು ಅದೇ. ನಿನ್ನ ಎಂಜಲಿಂದ ಅಕ್ಷರ ಓದಿ, ತಕ್ಕ ಆವಿ ತಯಾರಿಸಿದೀನಿ."

ಕುಕ್ಕರು ಕೂಗಿತು. ಆವಿ ಎಳೆದುಕೊಂಡೆ. ಕಾಫಿ ಕಾಯುವಷ್ಟು ಹೊತ್ತಿಗೆ ಬೆರಳು ಬಗ್ಗಿತು! ಸಂತೋಷಕ್ಕೆ ಅಡುಗೆಮನೆಗೆ ಓಡಿದೆ. ಸೌಟು ಹಿಡಿದದ್ದೇ ತಡ, ನೋವು ವಾಪಸ್ಸು ಬಂದು ಸೌಟು ಬಿತ್ತು. ಸದ್ದಿಗೆ ಇವರು ಓಡಿಬಂದರು, ನೋವು ಹೋಯಿತು. ಹಿತ್ತಿಲಿಗೆ ಹೋದರು, ಬಂತು. ಸ್ನಾನಕ್ಕೆ ಹೋದರು, ಈವರೆಗೆ ನೋಯದಿದ್ದ ಮೊಣಕಾಲೂ ಸೇರಿಕೊಂಡಿತು.

"ರೀ, ನನ್ನ ಎಂಜಲು ಎಲ್ಲಿಂದ ತಗೊಂಡ್ರಿ?"

"ನೀನು ಕುಡಿದಿಟ್ಟ ಕಾಫಿ ಲೋಟದಿಂದ."

"ನಾನು ಹುಟ್ಟಿದಾಗಿಂದ ಲೋಟ ಎತ್ತಿ ಕುಡಿಯೋಳು. ತುಟಿ ತಾಗಿಸಿದ್ದೇ ಇಲ್ಲ. ಅದಕ್ಕೆ ಬಾಯಿ ಹಾಕಿದ್ಯಾರು?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ಡಾಕ್ಟ್ರು ನಂಗೆ ಸಕ್ಕರೆ ಬೇಡ ಅಂದ್ರಲ್ಲ... ನಿನ್ನ ಲೋಟದಲ್ಲೇ ಒಂದೊಂದು ಗುಟುಕು..."

ಹೀಗೆ ಆವಿ ತಯಾರಾದದ್ದು ಇವರ ಅಕ್ಷರಕ್ಕೆ. ನನ್ನ ಮೈಯ ಕಾವಲುಗಾರರು ಈಗ ಇವರನ್ನೇ ತಮ್ಮ ಮನೆಯವರೆಂದು ತಿಳಿದು, ಇವರ ಮುಖ ನೋಡಿದರೆ ಮಾತ್ರ ಸುಮ್ಮನಿರುತ್ತಾರೆ. ಸರಿಮಾಡಲು ಹೊಸ ಯಂತ್ರವೇ ಬೇಕಂತೆ. ಅಲ್ಲಿಯವರೆಗೆ ನಾನು ಹುರುಳಿಕಾಯಿ ಹೆಚ್ಚುವಾಗಲೂ ಪಕ್ಕದಲ್ಲೇ ಕೂತಿರುತ್ತಾರೆ. ಸಣ್ಣಗೆ ಹೆಚ್ಚು, ಓರೆಯಾಗಿ ಹೆಚ್ಚು, ನಾರು ಉಳಿಯಿತು ಎನ್ನುತ್ತಲೇ ಇರುತ್ತಾರೆ. ನನಗಂತೂ ಸಾಕಾಗಿದೆ.

ನಿನ್ನೆ ಮಧ್ಯಾಹ್ನ ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟೆ. "ಒಂದು ಸುತ್ತು ಹೋಗಿಬನ್ನಿ."

"ನಿಂಗೆ ನೋವು ಬರುತ್ತಲ್ಲೇ?"

"ಬರಲಿ ಬಿಡಿ. ಅದು ಮಾತಾಡೋದಿಲ್ಲ."