ಹೊಟ್ಟೆ ಇಳಿದ ಧನಿ, ಉಪ್ಪು ಏರಿದ ಸಾಂಬಾರು

ಅಭಿಮನ್ಯುವಿಗೆ ಚಕ್ರವ್ಯೂಹದ ಒಳಹೋಗುವ ವಿದ್ಯೆ ಗೊತ್ತಿತ್ತು, ಹೊರಬರುವುದು ಗೊತ್ತಿರಲಿಲ್ಲ. ಕುರ್ಲಾ ಸ್ಟೇಷನ್ನಿನ ಎದುರು ಉಡುಪಿ ಹೋಟೆಲು ನಡೆಸುತ್ತಿದ್ದ ಸದಾನಂದರದ್ದೂ ಅದೇ ಕಷ್ಟ. ವ್ಯತ್ಯಾಸ ಇಷ್ಟೆ: ಅಭಿಮನ್ಯುವಿಗೆ ಹದಿನಾರು ವಯಸ್ಸು, ಇವರಿಗೆ ನಲವತ್ತೆಂಟು. ಅವನನ್ನು ಸುತ್ತುವರಿದವರು ಕೌರವರು, ಇವರನ್ನು ಸುತ್ತುವರಿದದ್ದು ಇವರದೇ ಹೊಟ್ಟೆ.

ಹೋಟೆಲಿನ ಬಾಗಿಲಲ್ಲಿ ಗೋಡೆಯ ಬದಿಗೆ, ಒಳಗೆ ಕೂತು ಹಣ ತೆಗೆದುಕೊಳ್ಳುವ ಒಂದು ಸಾಗುವಾನಿ ಗಲ್ಲಾ. ಗಲ್ಲಾಕ್ಕೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ನುಸುಳುವಷ್ಟು ಸಂದು. ಅದನ್ನು ಕಟ್ಟಿಸಿದವರು ಸದಾನಂದರ ಸೋದರಮಾವ. ಅವರೋ ನುಗ್ಗೆಕಾಯಿಯಂಥ ದೇಹದವರು, ತಮ್ಮ ಅಳತೆಗೆ ಕಟ್ಟಿಸಿದ್ದರು. ಹೋಟೆಲನ್ನು ಅಳಿಯನಿಗೆ ಬಿಟ್ಟು, ಮಗಳು ಶೀಲಾವತಿಯನ್ನೂ ಅವನಿಗೇ ಕೊಟ್ಟು, ಮಾವ ಕಣ್ಣು ಮುಚ್ಚಿದರು. (ಎರಡರಲ್ಲಿ ಯಾವುದನ್ನು ನಡೆಸುವುದು ಹೆಚ್ಚು ಕಷ್ಟ ಎಂದು ಸದಾನಂದರು ಯಾರಿಗೂ ಹೇಳಿದವರಲ್ಲ.) ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಉಸಿರು ಬಿಗಿಹಿಡಿದು ಅವರು ಗಲ್ಲಾದ ಒಳಗೆ ಹೋಗುತ್ತಿದ್ದರು. ಆಮೇಲೆ ಇಡ್ಲಿ ಬರುತ್ತಿತ್ತು, ಅದರ ಬೆನ್ನಿಗೆ ಗೋಳಿಬಜೆ, ಅದರ ಬೆನ್ನಿಗೆ "ಸ್ವಲ್ಪ ರುಚಿ ನೋಡಿ" ಎಂದು ಶಿರಾ. ಹನ್ನೊಂದು ಗಂಟೆಯ ಹೊತ್ತಿಗೆ ಹೊರಬರುವ ದಾರಿ ಮುಚ್ಚಿ ಹೋಗುತ್ತಿತ್ತು.

ಆ ವರ್ಷ, ಎಪ್ಪತ್ತೊಂದರ ಮಳೆಗಾಲದಲ್ಲಿ ಒಂದು ದಿನ, ಅವರು ಹೊರಬರಲು ಹೋಗಿ ನಡುವೆಯೇ ಕಚ್ಚಿಕೊಂಡರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಲೋಕಲ್ ಇಳಿದು ಬಂದ ಗಿರಾಕಿಗಳೆಲ್ಲ ಚಹದ ಲೋಟ ಹಿಡಿದು ಸುತ್ತ ನಿಂತರು. ಅಡುಗೆಯ ಚೆನ್ನಯ ಭಟ್ಟಿಯಿಂದ ಓಡಿ ಬಂದು ಎದುರಿನಿಂದ ಎಳೆದ. ಪಕ್ಕದಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ಬಿಜಾಪುರದ ಗುಡುಸಾಬ ಹಿಂದಿನಿಂದ ತಳ್ಳಿದ. ದೋಸೆಕಾವಲಿಯ ಎಣ್ಣೆ ಸವರಿದ ಮೇಲೆ ಸದಾನಂದರು ಹೊರಬಂದರು. ಅಂಗಿಯ ಬಟನ್‌ಗಳು ಒಳಗೇ ಉಳಿದವು.

ಸುದ್ದಿ ಅವರಿಗಿಂತ ಮೊದಲು ಮನೆ ಮುಟ್ಟಿತ್ತು. ಗುಡುಸಾಬನ ಹೆಂಡತಿ ನಜಮುನ್ನೀಸಾ ನೀರಿನ ನಲ್ಲಿಯ ಹತ್ತಿರ ಎಲ್ಲವನ್ನೂ ಅಭಿನಯ ಸಹಿತ ವಿವರಿಸಿದ್ದಳು. ಶೀಲಾವತಿಯವರು ಬಾಗಿಲಲ್ಲೇ ನಿಂತಿದ್ದರು.

"ಮಳೆಗಾಲದಲ್ಲಿ ಮರ ಊದ್ತದೆ ಮಾರಾಯ್ತಿ," ಎಂದರು ಸದಾನಂದರು, ಚಪ್ಪಲಿ ಬಿಡುವ ಮೊದಲೇ. "ಬಡಗಿಯನ್ನು ಕರೆಸಿ ಅರ್ಧ ಅಡಿ ಕೊಯ್ಸಿದ್ರೆ ಆಯ್ತು."

"ಮರ ಊದಿದ್ದಾ? ಹಾಗಾದ್ರೆ ಅಂಗಿಯ ಬಟನ್ ಹಾರಿದ್ದು ಯಾಕೆ? ಅಂಗಿಯೂ ಸಾಗುವಾನಿದ್ದಾ?"

"ಗಲ್ಲಾ ಸ್ವಲ್ಪ ಸಣ್ಣದೇ ಅಲ್ವಾ ಶೀಲಾ."

"ಅದು ನನ್ನ ಅಪ್ಪ ಕಟ್ಟಿಸಿದ್ದು. ಅಪ್ಪನ ಗಲ್ಲಾಕ್ಕೆ ಗರಗಸ ಮುಟ್ಟಿಸಿದ್ರೆ ನಾನು ಮರುದಿನವೇ ಊರಿನ ಬಸ್ಸು ಹತ್ತುವವಳು. ಕೊಯ್ಯುವುದಾದ್ರೆ ನಿಮ್ಮ ಹೊಟ್ಟೆ ಕೊಯ್ಸಿ."

ಹೊಟ್ಟೆ ಕೊಯ್ಯುವುದಕ್ಕಿಂತ ಸುಲಭದ ದಾರಿಯೊಂದನ್ನು ಅಂಧೇರಿಯಿಂದ ಬಂದ ಶೀಲಾವತಿಯವರ ತಂಗಿ ಸೇವಂತಿ ಹೇಳಿಕೊಟ್ಟಳು. ಅವಳ ಬಿಲ್ಡಿಂಗಿನಲ್ಲಿ ಸಿನಿಮಾದಲ್ಲಿ ಗುಂಪಿನಲ್ಲಿ ಕುಣಿಯುವ ಹುಡುಗಿಯೊಬ್ಬಳಿದ್ದಳಂತೆ, ಮಾತ್ರೆ ನುಂಗಿ ಎರಡೇ ತಿಂಗಳಲ್ಲಿ ಬಳ್ಳಿಯ ಹಾಗೆ ಆದಳಂತೆ. ಸದಾನಂದರು ಬಳ್ಳಿಯ ಹಾಗೆ ಆದರೆ ಹೇಗೆ ಕಾಣಬಹುದು ಎಂದು ಯಾರೂ ಯೋಚಿಸಲಿಲ್ಲ.

ಸ್ಟೇಷನ್ ಬದಿಯ ಡಾಕ್ಟರು ಮರಾಠಿಯವರು, ಸಾವಧಾನದ ಮನುಷ್ಯ. ನಾಡಿ ನೋಡಿದರು, ರಕ್ತದೊತ್ತಡ ನೋಡಿದರು, ತೂಕದ ಮುಳ್ಳು ಹೋಗಿ ನಿಂತ ಜಾಗ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಮಾತ್ರೆ ಬರೆದುಕೊಟ್ಟು, ಏನೇನು ಆಗಬಹುದೆಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಹಸಿವು ಸಾಯುತ್ತದೆ, ಅದಕ್ಕೇ ಕೊಡುವುದು. ಬಾಯಿ ಒಣಗುತ್ತದೆ, ನೀರು ಕುಡಿಯುತ್ತಿರಬೇಕು. ನಿದ್ದೆ ಕಡಿಮೆಯಾಗುತ್ತದೆ, ಅದಕ್ಕೇ ಬೆಳಿಗ್ಗೆ ಮಾತ್ರ ನುಂಗಬೇಕು. ಮೈಯಲ್ಲಿ ಹುರುಪು ಏರುತ್ತದೆ, ಮಾತು ಹೆಚ್ಚಾಗುತ್ತದೆ. ಎದೆ ಡವಡವ ಅಂದರೆ ನಿಲ್ಲಿಸಿ ತಮ್ಮ ಬಳಿ ಬರಬೇಕು. ಇದು ಬಹಳ ಕಾಲ ನುಂಗುವ ಮಾತ್ರೆಯಲ್ಲ, ಅಷ್ಟರಲ್ಲಿ ಊಟದ ಅಭ್ಯಾಸ ತಿದ್ದಿಕೊಳ್ಳಬೇಕು.

ಡಾಕ್ಟರು ಎಲ್ಲವನ್ನೂ ಹೇಳಿದರು. ಉಡುಪಿ ಹೋಟೆಲಿನಲ್ಲಿ ಬೆಳಿಗ್ಗೆ ಏನು ನಡೆಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಅಲ್ಲಿ ಮಾವನ ಕಾಲದಿಂದ ಬಂದ ಒಂದು ಶಾಸ್ತ್ರವಿತ್ತು. ಸಾಂಬಾರು ಕುದಿದ ಮೇಲೆ ಚೆನ್ನಯ ಮೊದಲ ಸೌಟನ್ನು ಗಲ್ಲಾಕ್ಕೆ ತರಬೇಕು. ಧನಿ ಅಂಗೈ ಒಡ್ಡಬೇಕು. ಅಂಗೈಗೆ ಬಿದ್ದದ್ದನ್ನು ನೆಕ್ಕಿ, ಕಣ್ಣು ಮುಚ್ಚಿ, "ಇಳಿಸು" ಎನ್ನಬೇಕು. ಆ ಒಂದು ಮಾತು ಬೀಳದೆ ಭಟ್ಟಿಯಿಂದ ಹಂಡೆ ಇಳಿಯುವಂತಿರಲಿಲ್ಲ. ಕುರ್ಲಾದ ಜನ ಮಳೆಯಲ್ಲಿ ಕೊಡೆ ಹಿಡಿದು ಸಾಲು ನಿಲ್ಲುತ್ತಿದ್ದದ್ದು ಆ ಸಾಂಬಾರಿಗೆ, ಸಾಂಬಾರಿನ ಹೆಸರು ನಿಂತದ್ದು ಆ ನಾಲಿಗೆಯ ಮೇಲೆ. ಇಡೀ ಸಾಮ್ರಾಜ್ಯದಲ್ಲಿ ಸದಾನಂದರು ಸ್ವಂತ ಬುದ್ಧಿಯಿಂದ ಹೇಳಬಹುದಾಗಿದ್ದ ಮಾತೂ ಅದೊಂದೇ.

ಮೊದಲಿಗೆ ಮಾತ್ರೆ ಹೇಳಿದ ಮಾತಿಗೆ ತಪ್ಪಲಿಲ್ಲ. ಎದುರು ಇಟ್ಟ ಇಡ್ಲಿ ಸದಾನಂದರಿಗೆ ಗುಡುಸಾಬನ ಅಂಗಡಿಯ ಹತ್ತಿಯ ಉಂಡೆಯಂತೆ ಕಂಡಿತು. ಗೋಳಿಬಜೆಯ ವಾಸನೆಗೆ ಮನಸ್ಸು ತಿರುಗಲಿಲ್ಲ. ನಿದ್ದೆ ದೂರವಾಯಿತು, ಹುರುಪು ಬಂತು. ಮೊದಲ ಲೋಕಲ್‌ಗಿಂತ ಮುಂಚೆ ಎದ್ದು ಮನೆಯ ಅಟ್ಟ ಗುಡಿಸಿದರು. ಶೀಲಾವತಿಯವರು ಸಂತೋಷಪಟ್ಟರು. ಮರುದಿನ ಅದೇ ಅಟ್ಟವನ್ನು ಮತ್ತೆ ಗುಡಿಸಿದರು. ಮೂರನೆಯ ಸಲ ಏಣಿ ಹಾಕುವಾಗ ಶೀಲಾವತಿಯವರು ಏಣಿಯನ್ನೇ ನೆರೆಮನೆಗೆ ಕೊಟ್ಟುಬಿಟ್ಟರು. ಹೋಟೆಲಿನಲ್ಲಿ ದೇವರ ಪಟಗಳು ಪೂರ್ವದಿಂದ ಪಶ್ಚಿಮಕ್ಕೆ ಹೋದವು, ಅಲ್ಲಿಂದ ಮರಳಿ ಪೂರ್ವಕ್ಕೆ ಬಂದವು. ಚಹ ಕುಡಿಯಲು ಬಂದವರಿಗೆ ಸದಾನಂದರು ಮುಂಗಾರು ಏಕೆ ತಡವಾಯಿತು ಎಂಬುದನ್ನು ವಿವರಿಸುತ್ತಿದ್ದರು. ವಿವರಣೆ ಮುಗಿಯುವುದರೊಳಗೆ ಕೇಳಿದವರ ಗಾಡಿ ಹೋಗಿರುತ್ತಿತ್ತು.

ಇಷ್ಟರವರೆಗೆ ಹಾನಿಯಿಲ್ಲ. ಹಾನಿ ಬಂದದ್ದು ಬಾಯಿಯಿಂದ. ಬಾಯಿ ಒಣಗಿ ನಾಲಿಗೆ ತೆಂಗಿನ ನಾರಿನ ಕಾಲೊರಸಿನ ಹಾಗಾಗಿತ್ತು. ಅದರ ಮೇಲೆ ಸಾಂಬಾರು ಬಿದ್ದರೇನು, ಅರಬ್ಬಿ ಸಮುದ್ರ ಬಿದ್ದರೇನು. ಚೆನ್ನಯ ಸೌಟು ತಂದ. ಧನಿ ನೆಕ್ಕಿದರು, ಕಣ್ಣು ಮುಚ್ಚಿದರು, ತೆರೆದರು.

"ಉಪ್ಪು ಸಾಲ್ದು."

"ನಾನು ಹಾಕಿದ್ದು ದಿನದ ಹಿಡಿಯೇ ಧನಿಗಳೇ."

"ದಿನದ ಹಿಡಿ ಇರಬಹುದು, ಸಾಂಬಾರು ದಿನದ್ದಲ್ಲ. ಹಾಕು."

ಚೆನ್ನಯ ಹಾಕಿದ. ಮರುದಿನ ಹುಳಿ ಸಾಲಲಿಲ್ಲ, ಉಪ್ಪೂ ಸಾಲಲಿಲ್ಲ. ಅದರ ಮರುದಿನ ಚೆನ್ನಯ ಸೌಟನ್ನು ತಾನೇ ನೆಕ್ಕಿ ಮುಖ ಕಿವುಚಿ ತಂದ. ಆಗಲೂ ಸದಾನಂದರು ಸಪ್ಪೆ ಎಂದರು. ಧನಿಯ ಮಾತು ಮೀರುವಂತಿರಲಿಲ್ಲ. ಸಾಂಬಾರು ಇಳಿಯಿತು. ಗಿರಾಕಿಗಳು ಒಂದು ತುತ್ತಿಗೆ ಒಂದು ಲೋಟ ನೀರು ಕೇಳತೊಡಗಿದರು. ನೀರು ಕುಡಿದೇ ಹೊಟ್ಟೆ ತುಂಬಿದ ಮೇಲೆ ಎರಡನೆಯ ಇಡ್ಲಿ ಯಾರಿಗೆ ಬೇಕು? ಒಬ್ಬೊಬ್ಬರಾಗಿ ಎದುರಿನ ಇರಾನಿ ಅಂಗಡಿಯ ಬ್ರೆಡ್ಡು ಬೆಣ್ಣೆಯ ಕಡೆ ತಿರುಗಿದರು.

ಅದಕ್ಕೂ ಮೇಲೆ ಇನ್ನೊಂದು ಆಪತ್ತು. ಧನಿಯ ಕೆನ್ನೆ ಒಳಗೆ ಹೋಗಿತ್ತು, ಅಂಗಿ ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿತ್ತು. ದಿನವಿಡೀ ಗಲ್ಲಾದಲ್ಲಿ ಕೂತು ಒಂದು ತುಣುಕೂ ಬಾಯಿಗೆ ಹಾಕದ ಈ ಮನುಷ್ಯನನ್ನು ಜನ ನೋಡುತ್ತಿದ್ದರು. ಒಂದು ದಿನ ಗುಡುಸಾಬ ತಟ್ಟೆಯನ್ನು ಮೆಲ್ಲಗೆ ಸರಿಸಿ ಗಲ್ಲಾದ ಮುಂದೆ ಬಂದು ನಿಂತ.

"ಸೇಟಜೀ, ತಪ್ಪ ತಿಳಕೋಬ್ಯಾಡ್ರಿ. ನೀವ ನಿಮ್ಮ ಹೋಟೆಲಿನ್ಯಾಗ ಉಣ್ಣೂದ ಬಿಟ್ಟೀರಿ. ನಮಗ್ಯಾಕ ಉಣಸ್ತೀರಿ?"

ಸದಾನಂದರು ಮಾತ್ರೆಯ ವಿಷಯವನ್ನು ವಿವರಿಸಲು ಶುರುಮಾಡಿದರು. (ಗುಡುಸಾಬನ ಗಾಡಿ ತಪ್ಪುವ ಪ್ರಶ್ನೆ ಇರಲಿಲ್ಲ, ಅಂಗಡಿ ಪಕ್ಕದಲ್ಲೇ ಇತ್ತು, ಆದರೂ ಅವನು ಓಡಿದ.)

ಆ ಮಧ್ಯಾಹ್ನವೇ ಚೆನ್ನಯ ಶೀಲಾವತಿಯವರ ಮನೆಯ ಬಾಗಿಲಿಗೆ ಬಂದು ನಿಂತ. ದೊಡ್ಡ ಧನಿಗಳ ಕಾಲದಿಂದ ಅವನು ಈ ಹೋಟೆಲಿನ ಬೆಂಕಿ ಕಾಯುತ್ತಿದ್ದವನು. ತನ್ನ ಸಾಂಬಾರನ್ನು ಜನ ಬಚ್ಚಲ ಕಡೆ ಚೆಲ್ಲುವುದನ್ನು ನೋಡಿದ ಮೇಲೆ ತನಗೆ ಅನ್ನ ಇಳಿಯುತ್ತಿಲ್ಲ ಎಂದ. ಇನ್ನು ಒಂದು ವಾರ ಹೀಗೇ ಆದರೆ ಸೌಟು ಇಟ್ಟು ಊರಿಗೆ ಹೋಗುತ್ತೇನೆ ಎಂದ. ಚೆನ್ನಯ ಹೋದರೆ ಹೋಟೆಲು ಹೋದಂತೆ ಎಂಬುದು ಶೀಲಾವತಿಯವರಿಗೆ ಯಾರೂ ಹೇಳಿಕೊಡಬೇಕಾದದ್ದಲ್ಲ.

ಮರುದಿನ ಬೆಳಿಗ್ಗೆ ಅವರೇ ಕೊಡೆ ಹಿಡಿದು ಹೋಟೆಲಿಗೆ ಬಂದರು. ಚೆನ್ನಯ ಸೌಟು ತಂದ. ಸದಾನಂದರು ನೆಕ್ಕಿ ಸಪ್ಪೆ ಎಂದರು. ಶೀಲಾವತಿಯವರು ಪಕ್ಕದಿಂದ ಕೈ ಚಾಚಿದರು, ನೆಕ್ಕಿದರು. ಕಣ್ಣಲ್ಲಿ ನೀರು ಬಂತು.

"ಇದು ಸಾಂಬಾರಾ, ಮಲ್ಪೆಯ ಕಡಲಾ? ನೀವು ಹೊರಗೆ ಬನ್ನಿ."

ಸದಾನಂದರು ಹೊರಗೆ ಬಂದರು. ಎಷ್ಟು ಸಲೀಸಾಗಿ ಬಂದರೆಂದರೆ ಗೋಡೆಗಾಗಲೀ ಗಲ್ಲಾಕ್ಕಾಗಲೀ ಗೊತ್ತೇ ಆಗಲಿಲ್ಲ. ಆ ವಿಜಯವನ್ನು ಯಾರೂ ಗಮನಿಸಲಿಲ್ಲ. ಶೀಲಾವತಿಯವರು ಒಳಗೆ ಹೋಗಿ ಅಪ್ಪನ ಕುರ್ಚಿಯಲ್ಲಿ ಕೂತಿದ್ದರು. ಮಾತ್ರೆ ಮುಗಿಯುವವರೆಗೆ ಮಾತ್ರ ತಾನು ಇಲ್ಲಿರುವುದು ಎಂದು ಅವರು ಸಾರಿದರು. ಅಲ್ಲಿಯವರೆಗೆ ಈ ಹುರುಪನ್ನು ಯಾವುದಾದರೂ ಉಪಯೋಗಕ್ಕೆ ಹಾಕುವುದು ಒಳ್ಳೆಯದೆಂದು ಗಂಡನನ್ನು ದಾದರಿನ ತರಕಾರಿ ಮಾರ್ಕೆಟ್ಟಿಗೆ ಕಳಿಸಿದರು.

ಅಪ್ಪನ ನಾಲಿಗೆ ಮಗಳಿಗೆ ಬಂದಿತ್ತು. ಅವರ "ಇಳಿಸು" ಎಂಬ ಮಾತಿಗೆ ಹಂಡೆ ಇಳಿಯಿತು, ಇರಾನಿ ಅಂಗಡಿಯಿಂದ ಜನ ಮರಳಿದರು. ನಾಲಿಗೆ ಒಂದು ಸಲ ಕೆಲಸಕ್ಕೆ ಕೂತ ಮೇಲೆ ಸಾಂಬಾರಿಗೆ ಮಾತ್ರ ನ್ಯಾಯ ಕೊಟ್ಟರೆ ಸಾಕೇ? ಚಟ್ನಿ ನೋಡಬೇಕು. ಚಟ್ನಿಯನ್ನು ಬರೀ ನಾಲಿಗೆಯಲ್ಲಿ ನೋಡಲಾಗದು, ಜತೆಗೆ ದೋಸೆ ಬೇಕು. ಗೋಳಿಬಜೆ ಬಿಸಿಯಲ್ಲೊಮ್ಮೆ, ಆರಿದ ಮೇಲೊಮ್ಮೆ. ಶಿರಾದಲ್ಲಿ ತುಪ್ಪ ಸಾಕಷ್ಟಿದೆಯೇ ಎಂಬುದು ಎರಡನೆಯ ತಟ್ಟೆಯಲ್ಲೇ ಖಚಿತವಾಗುವುದು. ಗಿರಾಕಿಗಳು ಗಲ್ಲಾದ ಕಡೆ ನೋಡಿ ತೃಪ್ತಿಪಟ್ಟರು. ತಾನು ಮಾಡಿದ್ದನ್ನು ತಾನೇ ತಿನ್ನುವ ಹೋಟೆಲು, ನಂಬಬಹುದು.

ಇತ್ತ ದಾದರಿನಿಂದ ನುಗ್ಗೆಕಾಯಿಯ ಕಟ್ಟು ಹೊತ್ತು ಬರುತ್ತಿದ್ದ ಸದಾನಂದರನ್ನೂ ನುಗ್ಗೆಕಾಯಿಯನ್ನೂ ದೂರದಿಂದ ಬೇರೆಮಾಡಿ ಗುರುತಿಸುವುದು ಕಷ್ಟವಾಗಿತ್ತು. ಡಾಕ್ಟರು ಇನ್ನೊಮ್ಮೆ ನಾಡಿ ನೋಡಿ, ಎದೆ ಸ್ವಲ್ಪ ಓಡುತ್ತಿದೆ, ಮಾತ್ರೆ ಸಾಕು, ಇನ್ನು ಮಿತವಾಗಿ ಉಂಡು ಹೀಗೇ ಇರಿ ಎಂದರು. ಕೆಲವು ದಿನಗಳಲ್ಲಿ ಬಾಯಿಯಲ್ಲಿ ನೀರೂರಿತು, ಹಸಿವು ಹಳೆಯ ನೆಂಟನಂತೆ ಹೇಳದೆ ಕೇಳದೆ ಬಂದು ಕೂತಿತು. ಮನೆಯಲ್ಲಿ ಮಜ್ಜಿಗೆಯ ಉಪ್ಪು ನಾಲಿಗೆಗೆ ತಾಗಿದ ಬೆಳಿಗ್ಗೆ ಸದಾನಂದರು ಇಸ್ತ್ರಿಯ ಅಂಗಿ ತೊಟ್ಟರು. ಕುರ್ಲಾ ಸ್ಟೇಷನ್ನಿನ ತೂಕದ ಯಂತ್ರದಲ್ಲಿ ಕಾಸು ಹಾಕಿದರೆ ತೂಕದ ಜತೆಗೆ ಭವಿಷ್ಯವನ್ನೂ ಅಚ್ಚು ಹಾಕಿದ ಚೀಟಿ ಬೀಳುತ್ತದೆ. ಅವರಿಗೆ ಬಿದ್ದ ಚೀಟಿಯಲ್ಲಿ ಸ್ಥಾನಮಾನ ಮರಳಿ ಬರುವುದು ಎಂದಿತ್ತು. ಅದನ್ನು ಕಿಸೆಯಲ್ಲಿಟ್ಟುಕೊಂಡು ಹೋಟೆಲಿಗೆ ನಡೆದರು.

"ನಾಲಿಗೆ ಬಂತು ಶೀಲಾ. ಇನ್ನು ನೀನು ಮನೆಗೆ ಹೋಗಬಹುದು."

ಶೀಲಾವತಿಯವರು ಮಾತಿಗೆ ತಪ್ಪುವವರಲ್ಲ. ಕೈಯಲ್ಲಿದ್ದ ದೋಸೆಯನ್ನು ಮುಗಿಸಿ ಎದ್ದರು. ಅಡ್ಡ ತಿರುಗಿದರು. ಸಂದಿಗೆ ಕಾಲಿಟ್ಟರು. ಅಲ್ಲಿಯೇ ನಿಂತರು. ಹಿಂದಕ್ಕೆ ಹೋಗಲು ನೋಡಿದರು, ಆಗಲಿಲ್ಲ. ಗಿರಾಕಿಗಳು ಚಹದ ಲೋಟ ಹಿಡಿದು ಎದ್ದು ಬಂದರು. ಚೆನ್ನಯ ಅಭ್ಯಾಸಬಲದಿಂದ ದೋಸೆಕಾವಲಿಯ ಎಣ್ಣೆಯ ಕಡೆ ಕೈ ಚಾಚಿ, ಶೀಲಾವತಿಯವರ ಮುಖ ನೋಡಿ, ಕೈ ಹಿಂದೆ ತೆಗೆದ.

ಶೀಲಾವತಿಯವರು ಸೆರಗು ಸರಿಮಾಡಿಕೊಂಡು, ಮಳೆ ಬೀಳುತ್ತಿದ್ದ ರಸ್ತೆಯನ್ನು ನೋಡುತ್ತ ಹೇಳಿದರು: "ಮಳೆಗೆ ಮರ ಊದಿದೆ. ಬಡಗಿಯನ್ನು ಕರೆಸಿ."

ಸದಾನಂದರ ಬಾಯಿ ಮತ್ತೆ ಒಣಗಿತು. ಈ ಸಲ ಮಾತ್ರೆಯಿಲ್ಲದೆ. "ಇದು ಮಾವ ಕಟ್ಟಿಸಿದ್ದಲ್ವಾ. ಗರಗಸ ಮುಟ್ಟಿಸಿದ್ರೆ ಊರಿಗೆ ಹೋಗ್ತೇನೆ ಅಂದಿದ್ದಿ."

"ಅಪ್ಪ ಇದ್ದಿದ್ರೆ ಯಾವಾಗಲೋ ಕೊಯ್ಸಿ ಆಗ್ತಿತ್ತು. ನಿಮಗೆ ಒಂದು ಕೆಲಸ ಹೇಳಿದ್ರೆ ಆಗುವುದುಂಟಾ?"

ಗುಡುಸಾಬ ತನ್ನೂರಿನ ಬಡಗಿ ಭೀಮರಾಯನನ್ನು ಕರೆತಂದ. ಅವನು ಸಂದನ್ನು ನೋಡಿದ, ಶೀಲಾವತಿಯವರನ್ನು ನೋಡಿದ, ಅಳತೆಯ ಪಟ್ಟಿಯನ್ನು ವಿನಯದಿಂದ ಕಿಸೆಗೆ ಹಾಕಿಕೊಂಡು, ಕಣ್ಣಳತೆಯಲ್ಲೇ ಒಂದು ಗೆರೆ ಎಳೆದು ಅರ್ಧ ಅಡಿಯ ಸಾಗುವಾನಿ ಕೊಯ್ದ. ಶೀಲಾವತಿಯವರು ಹೊರಬಂದರು. ದಾರಿ ಎಷ್ಟು ಅಗಲವಾಗಿದೆಯೆಂದು ಪರೀಕ್ಷಿಸಲು ಒಮ್ಮೆ ಒಳಗೆ ಹೋದರು, ಚೆನ್ನಾಗಿದೆಯೆಂದು ಅಲ್ಲಿಯೇ ಕೂತರು. ಅಷ್ಟರಲ್ಲಿ ಚೆನ್ನಯ ಮೊದಲ ಸೌಟು ತಂದ. ಸದಾನಂದರು ಅಂಗೈ ಒಡ್ಡಿದರು. ಸೌಟು ಆ ಅಂಗೈಯ ಮೇಲಿಂದ ಹಾದು ಇನ್ನೊಂದು ಅಂಗೈಗೆ ಹೋಯಿತು.

"ಇಳಿಸು," ಎಂದರು ಶೀಲಾವತಿಯವರು.

ಕೊಯ್ದ ಹಲಗೆಯನ್ನು ಏನು ಮಾಡುವುದೆಂದು ಭೀಮರಾಯ ಕೇಳಿದ. ಅಪ್ಪನ ಮರವನ್ನು ಬಿಸಾಡಬಾರದು ಎಂದರು ಶೀಲಾವತಿಯವರು. ಇವರಿಗೆ ಕೂರಲು ಒಂದು ಸ್ಟೂಲು ಮಾಡಿಕೊಡು, ಕೈ ತೊಳೆಯುವಲ್ಲಿ ಇಡಲಿ. ಭೀಮರಾಯ ತುಂಡುಗಳನ್ನು ಜೋಡಿಸಿ ಮೊಳೆ ಹೊಡೆದ. ಸದಾನಂದರು ಕೂತರು. ಅವರಿಗೆಂದೇ ಹುಟ್ಟಿದ ಹಾಗಿತ್ತು.

"ಅಗದೀ ಅಳತಿಗೆ ಬಂತ್ ನೋಡ್ರಿ ಸಾಹೇಬ್ರ," ಎಂದ ಭೀಮರಾಯ. "ಮರ ಕಡಿಮಿ ಬಿತ್ತು, ಇದರಕಿಂತ ಅಗಲ ಆಗಂಗಿಲ್ಲ. ಮೈ ಮಾತ್ರ ಬೆಳಸಬ್ಯಾಡ್ರಿ."

ಸದಾನಂದರ ಕೈಯಲ್ಲಿ ಆಗ ಬಿಸಿ ಬಿಸಿ ಗೋಳಿಬಜೆಯಿತ್ತು. ಎಷ್ಟೋ ವಾರಗಳ ನಂತರ ಮೂಗಿಗೆ ಅದರ ಪರಿಮಳ ಬಂದಿತ್ತು. ಅವರು ಅದನ್ನು ಒಮ್ಮೆ ನೋಡಿದರು, ತಾವು ಕೂತ ಹಲಗೆಯನ್ನು ಒಮ್ಮೆ ನೋಡಿದರು, ಗೋಳಿಬಜೆಯನ್ನು ತಟ್ಟೆಗೆ ಮರಳಿಸಿದರು.

ಗಲ್ಲಾದ ಒಳಗಿನಿಂದ ಒಂದು ಕೈ ಬಂದು ಅದನ್ನು ಎತ್ತಿಕೊಂಡಿತು.

"ಉಪ್ಪು ಸರಿ ಉಂಟು," ಎಂದು ಸ್ವಲ್ಪ ಹೊತ್ತಿನ ಮೇಲೆ ತೀರ್ಪು ಬಂತು.